ಶಿಫಾರಸಿನ ಮೇಲೆ ಬಂದವರು

ಡಂಡೀ ಊರಿನ ಹಳೆಯ ಸೆಣಬಿನ ಗಿರಣಿ;
ಮಗ್ಗಗಳು ನಿಂತಿದ್ದಲ್ಲಿ ಈಗ ನಮ್ಮ ಮೇಜು.
ಜೂನ್ ತಿಂಗಳು. ರಾತ್ರಿ ಒಂಬತ್ತಾದರೂ
ಟೇ ನದಿಯ ಮೇಲೆ ಬಿಸಿಲು ಹಾಗೇ ಕೂತಿದೆ,
ಹೊರಡು ಎಂದು ಯಾರೂ ಹೇಳದ ನೆಂಟನಂತೆ.

ಪರೀಕ್ಷೆಗೆಂದು ಒಂದು ಬರಿ ಕೋಣೆ ಕಟ್ಟಿದ್ದೆ.
ಲಿನಕ್ಸ್ ಅಂದರೆ ಲಿನಕ್ಸ್, ಅಷ್ಟೇ:
ನೆಲ, ನಾಲ್ಕು ಗೋಡೆ, ಒಂದು ಶೆಲ್ಲು.
ಮೊಳೆಯಿಲ್ಲ, ಮೊಳೆಗೆ ನೇತುಹಾಕಲು ಕ್ಯಾಲೆಂಡರಿಲ್ಲ.
ಕರೆದದ್ದು ಒಂದೇ ಒಂದು ಪ್ಯಾಕೇಜನ್ನು:
ಉಬ್ಬರ ಎಷ್ಟು ಹೊತ್ತಿಗೆಂದು ಬಂದರಿನವರಿಗೆ ಹೇಳುವ
ನಮ್ಮ ಪುಟ್ಟ ಪ್ರೋಗ್ರಾಮಿಗೆ
ಗೆರೆ ಎಳೆದುಕೊಡುವ ಲೈಬ್ರರಿ.

ಬಂದದ್ದು ಅರವತ್ತೆರಡು.

ಲಗ್ನಪತ್ರಿಕೆಯ ಕೊನೆಯ ಸಾಲನ್ನು
ಅಕ್ಷರಶಃ ನಂಬಿದವರಂತೆ, ಸಕುಟುಂಬ ಸಪರಿವಾರ.
ಪರದೆಯೇ ಇಲ್ಲದ ಮನೆಗೆ ಹದಿನಾಲ್ಕು ಫಾಂಟು,
ಕಾಗದವಿಲ್ಲದ ಮನೆಗೆ ಪ್ರಿಂಟರಿನ ಕಾರಕೂನ,
ಕಿವಿಯಿಲ್ಲದ ಮನೆಗೆ ವಾಲಗದವರು,
ಒಬ್ಬ ಪರ್ಲ್, ಅವನ ಬೆನ್ನಿಗೆ ಅವನ ಷಡ್ಡಕ.
ಲಂಗೋಟಿ ಕಾಯಲು ಬೆಕ್ಕು, ಬೆಕ್ಕಿಗೊಂದು ಹಸು,
ಹಸುವಿಗೆ ಹುಲ್ಲು ಹೊರುವವರು ಪರದೆ ತುಂಬ ಓಡುತ್ತಿದ್ದರು.

ಆಮೇಲೆ ಎಲ್ಲ ನಿಂತಿತು.
ನಲವತ್ತು ನಿಮಿಷ.

ಲಾಗ್ ತೆರೆದು ನೋಡಿದರೆ, ಕೊನೆಗೆ ಬಂದವನೊಬ್ಬ
ಹೊಸ್ತಿಲಲ್ಲೇ ನಿಂತು ಕೇಳುತ್ತಿದ್ದಾನೆ
ಯಾರೂ ಇಲ್ಲದ ಕೋಣೆಯನ್ನು:
ನಿಮ್ಮದು ಯಾವ ಖಂಡ? ಯಾವ ಊರು?
ಟಿಝೆಡ್‌ಡೇಟಾ ಅಂತ ಹೆಸರು. ಜಗತ್ತಿನ
ಗಡಿಯಾರಗಳ ಗಂಟು ಹೊತ್ತು ತಿರುಗುವವನು.
ಅವನ ಪಟ್ಟಿಯಲ್ಲಿ ಡಂಡೀ ಇಲ್ಲ, ಲಂಡನ್ ಇದೆ.
ನನ್ನ ಗದಗ ಇಲ್ಲ, ಕೋಲ್ಕತ್ತ ಇದೆ;
ಒಂದು ಕಾಲಕ್ಕೆ ಈ ಗಿರಣಿಯ ಸೆಣಬು
ಹಡಗೇರುತ್ತಿದ್ದ ಊರು.

ಯಾರು ಕರೆದರಯ್ಯಾ ನಿನ್ನ?
ಒಬ್ಬೊಬ್ಬರನ್ನೇ ಹಿಡಿದು ಕೇಳುತ್ತ ಹೋದೆ.
ಅವರು ಇವರತ್ತ ಬೆರಳು, ಇವರು ಇನ್ಯಾರತ್ತಲೋ.
ಆರನೆಯ ಮೆಟ್ಟಿಲಲ್ಲಿ ಗೊತ್ತಾಯಿತು:
'ಬೇಕೇ ಬೇಕು' ಅಂದವರು ಯಾರೂ ಇಲ್ಲ,
'ಇದ್ದರೆ ಒಳ್ಳೆಯದು' ಅಂದವರು ಒಬ್ಬರು.
ಶಿಫಾರಸು!
ತಾಲ್ಲೂಕು ಕಚೇರಿ ಇಲ್ಲಿಗೂ ಬಂತಲ್ಲ ಎಂದು ನಕ್ಕು
ಬಾಗಿಲಿಗೆ ಒಂದು ಸಾಲು ಬರೆದೆ:
ಇಲ್ಲಿ ಶಿಫಾರಸು ನಡೆಯುವುದಿಲ್ಲ.
ಅರವತ್ತೆರಡು ಹೋಗಿ ಏಳು. ಹನ್ನೊಂದು ಸೆಕೆಂಡು.

ಫರ್ಗಸನಿಗೆ ತೋರಿಸೋಣವೆಂದು ಪಕ್ಕಕ್ಕೆ ತಿರುಗಿದರೆ
ಅವನು ಆರಕ್ಕೇ ಎದ್ದು ಹೋಗಿದ್ದ.
ಇತ್ತ ತಿರುಗಿದರೆ ಪರೀಕ್ಷೆ ಕೆಂಪು.

ಉಬ್ಬರ ಎಂಟು ಹನ್ನೆರಡಕ್ಕೆ ಬರಬೇಕು.
ಏಳು ಹನ್ನೆರಡು ಅನ್ನುತ್ತಿದೆ.
ಲೆಕ್ಕ ಸರಿ, ಚಂದ್ರ ಸರಿ, ನದಿ ಸರಿ.
ಒಂದು ಗಂಟೆ ಎಲ್ಲಿ ಹೋಯಿತು?

ಬೇಸಿಗೆಗೆಂದು ಈ ದೇಶ ಮುಂದಕ್ಕೆ ತಳ್ಳುವ ಆ ಗಂಟೆ
ಯಾವನಿಗೆ ಗೊತ್ತಿತ್ತೋ
ಅವನನ್ನೇ ನಾನು ಹೊರಗೆ ಹಾಕಿದ್ದೆ.
ಎರಡು ವರ್ಷ ನಮ್ಮೆಲ್ಲರ ಲ್ಯಾಪ್‌ಟಾಪುಗಳ ಮೂಲೆಯಲ್ಲಿ,
ಯಾವ ಪಟ್ಟಿಯಲ್ಲೂ ಇಲ್ಲದೆ,
ಕೇಳಿದವರಿಗೆ ಹೊತ್ತು ಹೇಳಿಕೊಂಡು ಕೂತಿದ್ದ.
ನನ್ನ ಪ್ರೋಗ್ರಾಮು ಅವನನ್ನು ಕೇಳುತ್ತಿತ್ತೆಂದು
ಬರೆದ ನನಗೇ ಗೊತ್ತಿರಲಿಲ್ಲ.
ಮರಳದಿಬ್ಬಕ್ಕೆ ತಗುಲಿ ಓರೆಯಾದ ದೋಣಿಗೆ
ನಮ್ಮ ಮೇಜಿನ ಮೇಲಿನ ಹಸಿರು ಬಣ್ಣ
ಏನು ಮಾಡೀತು.

ಅಗತ್ಯದವರ ಪಟ್ಟಿಯಲ್ಲಿ ಅವನ ಹೆಸರು ಬರೆದೆ.
ಮತ್ತೆ ಹೊಸ್ತಿಲಲ್ಲಿ ನಿಂತು ಕೇಳದಿರಲೆಂದು
ಖಂಡ, ಊರು ಮೊದಲೇ ತುಂಬಿಟ್ಟೆ.
'ಕಾರಣ' ಎಂಬಲ್ಲಿ ಒಂದೇ ಪದ: ಉಬ್ಬರ.

ಹಸಿರಾಯಿತು.

ಕಸದ ಬುಟ್ಟಿ ಖಾಲಿ ಮಾಡಲು ಬಂದ ಷೀನಾ
'ಹತ್ತೂವರೆ, ಇನ್ನೂ ಮನೆಗೆ ಹೋಗಿಲ್ಲವೇ' ಅಂದಳು.
ತಲೆಯೆತ್ತಿ ನೋಡಿದೆ. ಗಿರಣಿಯ ಎತ್ತರದ ಗೋಡೆಯಲ್ಲಿ
ಗಡಿಯಾರ ಒಂಬತ್ತೂವರೆ ತೋರಿಸುತ್ತಿದೆ.
ಅದು ಇನ್ನೂ ಚಳಿಗಾಲದ್ದೇ; ಒಂದು ಸೇರಿಸಿಕೊಳ್ಳಬೇಕೆಂದು
ಇಲ್ಲಿ ಎಲ್ಲರಿಗೂ ಗೊತ್ತು, ಯಾರೂ ಬರೆದಿಟ್ಟಿಲ್ಲ.
'ಅದಕ್ಕೆ ಏಣಿ ಬೇಕು,' ಅಂದಳು ಷೀನಾ,
'ಮಾರ್ಚಿನಿಂದ ಹೇಳುತ್ತಲೇ ಇದ್ದೇನೆ.'